ಸೋಮವಾರ ಹೂಡದ ಗಾಡಿ

ನಮ್ಮಪ್ಪ ನನ್ನ ತಲೆಗೆ ಒಂದು ದಿನವೂ ನೀರು ಹೊಯ್ದವನಲ್ಲ. ಗಾಡಿಗೆ ಮಾತ್ರ ವಾರ ತಪ್ಪದೆ ಮೈ ತೊಳೆಯುತ್ತಿದ್ದ. ನನ್ನ ಹೊಟ್ಟೆಕಿಚ್ಚು ಶುರುವಾಗಿದ್ದು ಅಲ್ಲಿಂದ. ಗಾಡಿ ಅಂದರೆ ಮೋಟಾರ್ ಸೈಕಲ್ಲು. ನ್ಯಾಮತಿಯಲ್ಲಿ ಆಗ ಎಲ್ಲರೂ ಅದನ್ನು ಫಟಫಟಿ ಅನ್ನುತ್ತಿದ್ದರು; ಅಪ್ಪ ಮಾತ್ರ ಎತ್ತಿನ ಗಾಡಿಗೆ ಅಂದ ಹಾಗೇ ಗಾಡಿ ಅನ್ನುತ್ತಿದ್ದ. ಅವನು ಎತ್ತಿನ ದಲ್ಲಾಳಿ. ಹೊನ್ನಾಳಿ, ಚನ್ನಗಿರಿ, ಜಗಳೂರು, ಎಲ್ಲಿ ದನದ ಸಂತೆ ಕೂಡಿದರೂ ಅಲ್ಲಿ ಅವನಿರಬೇಕು. ಟವಲ್ಲಿನ ಕೆಳಗೆ ಮಾರುವವನ ಬೆರಳು ಹಿಡಿದು, ಕೊಳ್ಳುವವನ ಬೆರಳು ಹಿಡಿದು, ಬಾಯಿ ಬಿಡದೆ ವ್ಯಾಪಾರ ಮುಗಿಸುವ ಮನುಷ್ಯ. ಬಸ್ಸು ಕಾದು ಕಾದು ಸಾಕಾಗಿ ರಸ್ತೆ ಕಂಟ್ರಾಕ್ಟರ್ ಒಬ್ಬನ ಹಳೇ ಗಾಡಿ ತಗೊಂಡ. ತಗೊಳ್ಳುವಾಗಲೂ ಎತ್ತು ನೋಡುವ ಹಾಗೇ ನೋಡಿದನಂತೆ. ಸುತ್ತ ತಿರುಗಿ, ಸೀಟು ಸವರಿ, ಗಾಲಿಗೆ ಒದ್ದು, ಕೊನೆಗೆ ಅದೃಷ್ಟದ ಸುಳಿ ಹುಡುಕಲು ಮೈಮೇಲೆ ಕೂದಲಿಲ್ಲವಲ್ಲ ಅಂತ ನಂಬರ್ ಪ್ಲೇಟು ನೋಡಿ ತಲೆಯಾಡಿಸಿದನಂತೆ.

ನಮ್ಮದು ಹೆಂಚಿನ ಮನೆ. ಬಾಗಿಲು ದಾಟಿದರೆ ಎಡಕ್ಕೆ ದನದ ಕೊಟ್ಟಿಗೆ, ಮೊಣಕಾಲೆತ್ತರ ಹತ್ತಿದರೆ ಪಡಸಾಲೆ, ಅದರಾಚೆ ಅಡುಗೆಮನೆ, ಹಿಂದೆ ಬಚ್ಚಲು. ಗಾಡಿ ನಿಲ್ಲುತ್ತಿದ್ದದ್ದು ಎತ್ತುಗಳ ಪಕ್ಕ, ಅವು ಮೇವು ತಿನ್ನುವ ಗೋದಲಿಯ ಮುಂದೆ. ನಾನು ಪಡಸಾಲೆಯ ಅಂಚಿನಲ್ಲಿ ಮಲಗುತ್ತಿದ್ದೆ. ಕಣ್ಣು ಬಿಟ್ಟರೆ ಮೊದಲು ಕಾಣುವುದು ಎತ್ತುಗಳ ಬೆನ್ನು ಮತ್ತು ಆ ಕೆಂಪು ಟ್ಯಾಂಕು. ಅಪ್ಪ ಎದ್ದವನು ಎತ್ತುಗಳ ಹಣೆ ಮುಟ್ಟಿ, ಆಮೇಲೆ ಟ್ಯಾಂಕು ಮುಟ್ಟಿ, ಅದಾದ ಮೇಲೆ ನನ್ನನ್ನು ಕಾಲಲ್ಲಿ ತಿವಿಯುತ್ತಿದ್ದ.

“ಏಳಲೇ, ಹೊತ್ತು ಮೂಡೈತೆ.”

ನಮ್ಮ ಕಡೆ ಸೋಮವಾರ ಎತ್ತು ಹೂಡುವುದಿಲ್ಲ. ಅದು ಬಸವಣ್ಣನ ವಾರ. ಮಳೆ ಬಂದು ಎಂಥ ಹದ ಬಿದ್ದಿದ್ದರೂ ಯಾರೂ ನೊಗ ಮುಟ್ಟುವುದಿಲ್ಲ. ಎತ್ತಿಗೆ ಮೈ ತೊಳೆದು, ಹಣೆಗೆ ವಿಭೂತಿ ಹಚ್ಚಿ, ಹೊಟ್ಟೆ ತುಂಬ ಮೇವು ಹಾಕಿ ಬಿಡುತ್ತಾರೆ. ಅಪ್ಪ ಈ ನೇಮವನ್ನು ಗಾಡಿಗೂ ಹಾಕಿದ. ಸೋಮವಾರ ಅದನ್ನು ಬೀದಿಗೆ ಇಳಿಸುವ ಹಾಗಿಲ್ಲ. ಎಲ್ಲಾದರೂ ಹೋಗಲೇಬೇಕು ಅಂದರೆ ನಡೆದು ಹೋಗುತ್ತಿದ್ದ. ಓಣಿಯವರಿಗೆ ಇದೊಂದು ತಮಾಷೆ.

“ಏನ್ ಮಲ್ಲಣ್ಣ, ಇವತ್ತು ಫಟಫಟಿ ಉಪ್ವಾಸನಾ?”

“ಉಪ್ವಾಸ ಅಲ್ಲಪ್ಪ, ರಜೆ. ನಿಂಗೆ ರಜೆ ಕೊಡೋರು ಯಾರೂ ಇಲ್ಲ ಅಂತ ಅದ್ರ ಮ್ಯಾಲೆ ಯಾಕೆ ಉರ್ಕೊಂತೀಯ?”

ಜನ ನಕ್ಕರೂ ಒಂದು ಮಾತು ನಿಜ. ಊರಲ್ಲಿದ್ದ ಬೇರೆ ಗಾಡಿಗಳು ಸವಳಂಗದ ರಸ್ತೆಯಲ್ಲಿ ಕೆಟ್ಟು ನಿಂತು, ತಳ್ಳಿಸಿಕೊಂಡು ಬರುತ್ತಿದ್ದವು. ನಮ್ಮದು ಹಾಗೆ ಬರಲಿಲ್ಲ. ಅದಕ್ಕೆ ಕಾರಣ ಬಸವಣ್ಣನೂ ಅಲ್ಲ, ನಂಬರೂ ಅಲ್ಲ. ವಾರಕ್ಕೊಂದು ದಿನ ಬಿಚ್ಚಿ ನೋಡುತ್ತಿದ್ದ, ಅಷ್ಟೇ. ಈಗಿನವರು ಗಾಡಿ ಓಡುವವರೆಗೆ ಓಡಿಸಿ, ನಿಂತ ಮೇಲೆ ಮೆಕ್ಯಾನಿಕ್ಕನ್ನು ಬೈಯುತ್ತಾರೆ. ಅಪ್ಪ ಬೆಳಗಿನ ರೊಟ್ಟಿ ತಿಂದು ಕೊಟ್ಟಿಗೆಯ ಬಾಗಿಲಲ್ಲಿ ಗೋಣಿಚೀಲ ಹಾಸುತ್ತಿದ್ದ. ಮೊದಲು ಪ್ಲಗ್ಗು ಬಿಚ್ಚುವುದು. ಅದರ ಮೂತಿ ಇಟ್ಟಂಗಿ ಬಣ್ಣ ಇದ್ದರೆ ಒಳಗೆಲ್ಲ ಸರಿ. ಕಪ್ಪಗೆ ಹಸಿಯಾಗಿದ್ದರೆ ಎಣ್ಣೆ ಜಾಸ್ತಿ. ಬೆಳ್ಳಗಾಗಿದ್ದರೆ ಕಾವು ಜಾಸ್ತಿ. ಉಪ್ಪುಕಾಗದದಲ್ಲಿ ತಿಕ್ಕಿ, ಅದರ ಸಂದಿಗೆ ಮುರಿದ ಗರಗಸದ ಬ್ಲೇಡಿನ ಚೂರು ತೂರಿಸಿ ನೋಡುತ್ತಿದ್ದ. ಚೂರು ಬಿಗಿಯಾಗಿ ಜಾರಬೇಕು. ಆಮೇಲೆ ಚೈನು ಬಿಚ್ಚಿ ಸೀಮೆಎಣ್ಣೆಯಲ್ಲಿ ನೆನೆಹಾಕಿ, ಒರೆಸಿ, ಎಣ್ಣೆ ಬಿಟ್ಟು ಏರಿಸುವುದು. ಮೂಗುದಾರ ಇದ್ದ ಹಾಗೆ, ಬಿಗಿಯೂ ಬೇಡ, ಜೋಲೂ ಬೇಡ ಅನ್ನುತ್ತಿದ್ದ. ಕ್ಲಚ್ ವೈರಿನ ಮೇಲಿನ ತುದಿಗೆ ಕಾಗದ ಸುತ್ತಿ ಕೊಳವೆ ಮಾಡಿ ಎಣ್ಣೆ ಬಿಟ್ಟು, ಕೆಳಗಿನ ತುದಿಯಲ್ಲಿ ಹನಿ ಕಾಣುವವರೆಗೂ ಬೀಡಿ ಸೇದುತ್ತಾ ಕಾಯುತ್ತಿದ್ದ. ಟೈರಿನಲ್ಲಿ ಸಿಕ್ಕ ಜಾಲಿಮುಳ್ಳನ್ನು ಎತ್ತಿನ ಗೊರಸಿನಿಂದ ತೆಗೆದ ಹಾಗೇ ತೆಗೆದು, ಎಷ್ಟು ಉದ್ದ ಐತೆ ಅಂತ ಬೆಳಕಿಗೆ ಹಿಡಿದು ನೋಡುತ್ತಿದ್ದ. ಎಲ್ಲ ಮುಗಿದ ಮೇಲೆ ಹೆಡ್ ಲೈಟಿಗೆ ವಿಭೂತಿ.

ಒಮ್ಮೊಮ್ಮೆ ಸೈಲೆನ್ಸರಿನ ಒಳಗಿನ ಕೊಳವೆ ಎಳೆದು, ಅದಕ್ಕೆ ಕಟ್ಟಿದ್ದ ಮಸಿ ಸುಡಲು ಬಚ್ಚಲ ಒಲೆಯ ಕೆಂಡಕ್ಕೆ ಇಡುತ್ತಿದ್ದ. ಅವತ್ತು ಮನೆಯಲ್ಲಿ ಜಗಳ ಗ್ಯಾರಂಟಿ. ಅವ್ವ ಬಚ್ಚಲಿನಿಂದ ಕೆಮ್ಮುತ್ತಾ ಹೊರಗೆ ಬರುತ್ತಿದ್ದಳು.

“ನೀರು ಕಾಸೋ ಒಲಿಗೆ ಇದನ್ನ ತಂದು ತುರುಕೀರಲ್ರೀ. ನಾನೇನು ಮೈ ತೊಳ್ಕಳಾಣೋ, ಮಸಿ ಬಳ್ಕಳಾಣೋ?”

“ಅದ್ರ ಗಂಟ್ಲು ಕಟ್ಟೈತೆ ಕಣೇ. ಉಸ್ರು ಬಿಡ್ಲಿ.”

“ನಂಗೂ ವಾರದಿಂದ ಗಂಟ್ಲು ಕಟ್ಟೈತೆ. ಒಂದಿನ ಕೇಳಿದ್ರಾ?”

ಅವ್ವನಿಗೂ ಗಾಡಿಯ ಮೇಲೆ ಕಿಚ್ಚಿತ್ತು. ಆದರೆ ಅವಳು ಬೈದು ಹಗುರಾಗುತ್ತಿದ್ದಳು. ನನಗೆ ಬೈಯಲು ಬರುತ್ತಿರಲಿಲ್ಲ. ನನಗೆ ಬೇಕಾಗಿದ್ದದ್ದು ಒಂದೇ. ಅಪ್ಪ ಪಾನಾ ನನ್ನ ಕೈಗೆ ಕೊಟ್ಟು, ಪ್ಲಗ್ಗು ನೀನು ಬಿಚ್ಚಲೇ ಅನ್ನಬೇಕು. ಎತ್ತಿನ ಕಾಲ ಸಂದಿಯಲ್ಲಿ ಕೈ ಹಾಕಲು ಹೇಳುತ್ತಿದ್ದ, ಗಾಡಿಗೆ ಮಾತ್ರ ನನ್ನ ಕೈ ತಾಕಿಸುತ್ತಿರಲಿಲ್ಲ. ನನ್ನ ಪಾಲಿಗೆ ಬರುತ್ತಿದ್ದದ್ದು ಬಕೆಟ್ಟು ಮತ್ತು ಚಿಂದಿ. ಮಡ್‌ಗಾರ್ಡಿನ ಒಳಗೆ ಅಂಟಿದ ಕೆಸರು ಕೆರೆಯುವುದು ನನ್ನ ಕೆಲಸ. ಕೇಳಿದರೆ, ಇನ್ನೊಂದೀಟು ದೊಡ್ಡೋನಾಗು ಅನ್ನುತ್ತಿದ್ದ. ನಾನು ದೊಡ್ಡವನಾಗಲು ಕಾಯುತ್ತಾ ಕೂತೆ. ಅಷ್ಟರಲ್ಲಿ ತಿಪ್ಪೇಶಿ ಬಂದ.

ತಿಪ್ಪೇಶಿ ಅಪ್ಪನ ತಂಗಿಯ ಮಗ. ಜಗಳೂರು ಸೀಮೆಯ ಸೊಕ್ಕೆಯವನು. ಇಲ್ಲಿದ್ದು ಓದಲಿ ಅಂತ ಅತ್ತೆ ಅವನನ್ನು ನಮ್ಮಲ್ಲಿ ಬಿಟ್ಟು ಹೋದಳು. ನನಗಿಂತ ಸ್ವಲ್ಪ ದೊಡ್ಡವನು. ತಂಗಿಯ ಮಗ ಅಂದ ಮೇಲೆ ಅಳಿಯ. ನನ್ನ ತಂಗಿ ಗೌರಿ ಇನ್ನೂ ಲಂಗ ಎತ್ತಿ ಕಟ್ಟಿ ಕುಂಟೆಬಿಲ್ಲೆ ಆಡುತ್ತಿದ್ದಳು, ಆದರೆ ಮನೆಯ ಹಿರಿಯರ ತಲೆಯಲ್ಲಿ ಮದುವೆ ಆಗಿಯೇ ಹೋಗಿತ್ತು. ಹಾಗಾಗಿ ಊಟಕ್ಕೆ ಕೂತರೆ ಮಣೆ ಅವನಿಗೆ, ನಮಗೆ ಬರೀ ನೆಲ. ಬಿಸಿ ರೊಟ್ಟಿ ಮೊದಲು ಅವನ ತಟ್ಟೆಗೆ. ಬೆಣ್ಣೆ ಉಂಡೆ ದೊಡ್ಡದು ಅವನಿಗೆ. ಅಪ್ಪ ನನ್ನನ್ನು ಕರೆಯುವುದು ಲೇ ಅಂತ. ಅವನನ್ನು ಕರೆಯುವುದು ಅಳಿಯಾ ಅಂತ, ಅದೂ ರಾಗ ಎಳೆದು. ನಾನು ಅವನನ್ನು ಹೆಸರು ಹಿಡಿದು ಕರೆದರೆ ನಮ್ಮಜ್ಜಿ, ಅಪ್ಪನ ಅವ್ವ, ಮೂಲೆಯಿಂದಲೇ ಗದರುತ್ತಿದ್ದಳು.

“ಭಾವ ಅನ್ನಲೇ. ಹೆಸ್ರು ಹಿಡ್ದು ಕರೀತಾನೆ, ಮೂಳ.”

ಅವನು ಬಂದ ಮೊದಲ ಸೋಮವಾರವೇ ಆಗಬಾರದ್ದು ಆಯಿತು. ನಾನು ಬಕೆಟ್ಟು ಹಿಡಿದು ನಿಂತಿದ್ದೆ. ಅವನು ಪಡಸಾಲೆಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತಿದ್ದ. ಏನೂ ಕೇಳಲಿಲ್ಲ. ಸುಮ್ಮನೆ ನೋಡುತ್ತಿದ್ದ. ಅಪ್ಪ ತಲೆ ಎತ್ತಿದ.

“ಬಾ ಅಳಿಯಾ, ಇಲ್ಲಿ ಕೂತ್ಕ. ಪಾನಾ ಹಿಡಿ. ಎಡಕ್ಕೆ ತಿರುವು. ಮೆಲ್ಲಕೆ. ಹಾಂ.”

ಪ್ಲಗ್ಗು ಹೊರಗೆ ಬಂತು. ನಾನು ಎಷ್ಟೋ ಸೋಮವಾರ ನಿಂತು ಬೇಡಿದ್ದು ಅವನಿಗೆ ಕೇಳದೆ ಸಿಕ್ಕಿತು. ನನಗೆ ಆ ಬಕೆಟ್ಟಿನ ನೀರನ್ನು ಇಬ್ಬರ ತಲೆಗೂ ಸುರಿಯಬೇಕು ಅನ್ನಿಸಿತು. ಸುರಿಯಲಿಲ್ಲ. ಅಲ್ಲಿಂದ ಮುಂದೆ ಪ್ರತಿ ಸೋಮವಾರ ಗೋಣಿಚೀಲದ ಮೇಲೆ ಇಬ್ಬರು, ಕೆಸರಲ್ಲಿ ಒಬ್ಬ. ಒಂದು ಸಲ ಅಪ್ಪ ಹಿಂದಿನ ಗಾಲಿ ತಿರುಗಿಸುತ್ತಾ ಒಂದೊಂದೇ ಕಡ್ಡಿಗೆ ಪಾನಾದಿಂದ ತಟ್ಟುತ್ತಿದ್ದ. ಬಿಗಿ ಇದ್ದ ಕಡ್ಡಿ ಟಿಣ್ ಅನ್ನುತ್ತದೆ. ಸಡಿಲ ಇದ್ದದ್ದು ಟಪ್ ಅನ್ನುತ್ತದೆ. ಒಂದು ಟಪ್ ಅಂತು.

“ಅಪ್ಪಾ, ಅದು ಸಡ್ಲ ಐತೆ,” ಅಂದೆ.

“ಸುಮ್ನೆ ಕೆಸರು ತೊಳಿಯಲೇ. ಅಳಿಯಾ, ಯಾವ್ದು ಸಡ್ಲ ಐತೆ ಹೇಳು?”

“ಇದು ಮಾವ,” ಅಂತ ತಿಪ್ಪೇಶಿ ನಾನು ಹೇಳಿದ ಕಡ್ಡಿಯನ್ನೇ ಮುಟ್ಟಿದ.

“ಭಲೇ! ಕಿವಿ ಅಂದ್ರೆ ಇದು.”

ತಿಪ್ಪೇಶಿ ನನ್ನ ಮುಖ ನೋಡಿದ. ಅವನಿಗೆ ಗೊತ್ತಾಗಿತ್ತು. ಕೆಟ್ಟವನಾಗಿದ್ದರೆ ನಗಬೇಕಿತ್ತು. ಅವನು ತಲೆ ತಗ್ಗಿಸಿದ. ಇದೇ ನನಗೆ ದೊಡ್ಡ ತೊಂದರೆ. ಅವನು ಕೆಟ್ಟವನಾಗಿದ್ದರೆ ದ್ವೇಷ ಮಾಡಿ ಮುಗಿಸಬಹುದಿತ್ತು. ಅವನು ಒಳ್ಳೆಯವನು. ನನ್ನ ಪಾಲಿನ ಸಗಣಿ ಬಾಚಿದ. ಬೆಣ್ಣೆ ಉಂಡೆಯಲ್ಲಿ ಅರ್ಧ ನನ್ನ ತಟ್ಟೆಗೆ ತಳ್ಳಿದ. ನಾನು ಅದನ್ನು ತಿಂದೂ ಅವನನ್ನು ಸೇರಲಿಲ್ಲ.

ಆ ಗಾಡಿಗೆ ಪೆಟ್ರೋಲಿನ ಜೊತೆಯಲ್ಲೇ ಎಣ್ಣೆ ಬೆರೆಸಿ ಹಾಕಬೇಕಿತ್ತು. ಆಗಿನ ಸಣ್ಣ ಗಾಡಿಗಳಲ್ಲಿ ಬಹಳಷ್ಟು ಹಾಗೇ ಇದ್ದವು. ಎಣ್ಣೆ ಕಮ್ಮಿಯಾದರೆ ಇಂಜಿನ್ನು ಹಿಡಿದುಬಿಡುತ್ತದೆ, ಹೆಚ್ಚಾದರೆ ಪ್ಲಗ್ಗು ಕಟ್ಟುತ್ತದೆ. ಅಪ್ಪ ಡಬ್ಬಿಯಲ್ಲಿ ಅಳೆದು, ಕುಲುಕಿ, ಟ್ಯಾಂಕಿಗೆ ಹೊಯ್ಯುವುದನ್ನು ಅಜ್ಜಿ ಮೂಲೆಯಿಂದ ನೋಡುತ್ತಿದ್ದಳು. ಅವಳಿಗೆ ಅರ್ಥವಾಗಿದ್ದು ಅವಳ ರೀತಿಯಲ್ಲಿ. ನಮ್ಮಲ್ಲಿ ದುಡಿಮೆಯ ದಿನ ಬರುವ ಮುಂಚೆ ಎತ್ತಿಗೆ ಎಣ್ಣೆ ಕುಡಿಸುತ್ತಾರೆ. ಓರೆಯಾಗಿ ಕತ್ತರಿಸಿದ ಬಿದಿರಿನ ಗೊಟ್ಟದಲ್ಲಿ ಎಣ್ಣೆ ತುಂಬಿ, ಎತ್ತಿನ ದವಡೆ ಮೇಲೆತ್ತಿ ಹೊಯ್ಯುತ್ತಾರೆ. ಮೈಗೆ ಕಸುವು ಬರುತ್ತದೆ, ಎಲುಬು ಗಟ್ಟಿಯಾಗುತ್ತದೆ ಅಂತ. ಎಣ್ಣೆ ಕುಡಿಯುವ ಗಾಡಿಯೂ ಅವಳ ಲೆಕ್ಕದಲ್ಲಿ ಎತ್ತೇ.

ಚನ್ನಗಿರಿ ಸಂತೆಗೆ ಅಪ್ಪ ಹೊರಟಿದ್ದ ದಿನ. ತಿಪ್ಪೇಶಿಗೆ ಶಾಲೆಯಲ್ಲಿ ಪರೀಕ್ಷೆ ಇತ್ತು, ಅದಕ್ಕೆ ಈ ಸಲ ನೀನು ಬಾರಲೇ ಅಂದಿದ್ದ. ಮೊದಲ ಸಲ ನಾನು ಹಿಂದಿನ ಸೀಟಿನಲ್ಲಿ ಅಷ್ಟು ದೂರ ಹೋಗುವುದು. ಒಗೆದ ಅಂಗಿ ಹಾಕಿ, ತಲೆಗೆ ಎಣ್ಣೆ ಹಚ್ಚಿ ಬಾಗಿಲಲ್ಲಿ ನಿಂತಿದ್ದೆ. ಅಪ್ಪ ಕಿಕ್ ಹೊಡೆದ. ಗಾಡಿ ಕೆಮ್ಮಿತು. ಮತ್ತೆ ಹೊಡೆದ. ಹತ್ತಿಕೊಂಡಿತು, ಹತ್ತಿಕೊಂಡದ್ದೇ ತಡ ಹಿಂದಿನಿಂದ ಬೆಳ್ಳಗೆ ಹೊಗೆ ಕಕ್ಕಿ ಆರಿಹೋಯಿತು. ಓಣಿಯ ತುಂಬ ಘಮ ಹರಡಿತು. ಎದುರು ಮನೆಯವಳು ಹೊರಗೆ ಬಂದು ಮೂಗು ಅರಳಿಸಿದಳು.

“ಯಾರ ಮನ್ಯಾಗ್ರೀ ಇಷ್ಟೊತ್ನಾಗೆ ಮೆಣಸಿನಕಾಯಿ ಬಜಿ ಕರಿಯಾಕತ್ಯಾರೆ?”

ಅಪ್ಪ ಪ್ಲಗ್ಗು ಬಿಚ್ಚಿದ. ಕಪ್ಪಗೆ, ಜಿಗಟು ಜಿಗಟು. ಬೆರಳಿಗೆ ಹಚ್ಚಿ ಮೂಸಿದ. ಟ್ಯಾಂಕಿನ ಮುಚ್ಚಳ ತೆಗೆದು ಮೂಸಿದ. ಆಮೇಲೆ ನನ್ನ ಕಡೆ ತಿರುಗಿದ. ಎಣ್ಣೆ ಹಚ್ಚಿದ ನನ್ನ ತಲೆ ನೋಡಿದ. ನಾನು ಏನಾಯಿತು ಅಂತ ಕೇಳುವ ಮೊದಲೇ ಕಪಾಳಕ್ಕೆ ಬಿತ್ತು.

“ಹೊಟ್ಟೆಕಿಚ್ಚಿಗೆ ಗಾಡಿ ಹೊಟ್ಟಿಗೆ ಎಣ್ಣಿ ಸುರೀತೀಯೇನಲೇ?”

ಏಟಿಗಿಂತ ಆ ಮಾತು ಜೋರಾಗಿ ಬಡಿಯಿತು. ಅಂದರೆ ಅವನಿಗೆ ಗೊತ್ತಿತ್ತು. ನಾನು ಉರಿಯುತ್ತಿದ್ದದ್ದು ಇಷ್ಟು ದಿನವೂ ಅವನಿಗೆ ಕಾಣುತ್ತಿತ್ತು. ಕಂಡೂ ಪಾನಾ ಕೊಟ್ಟಿರಲಿಲ್ಲ. ಇನ್ನೊಂದು ಏಟಿಗೆ ಕೈ ಎತ್ತಿದ. ಪುಸ್ತಕದ ಚೀಲ ಹಿಡಿದು ಶಾಲೆಗೆ ಹೊರಟಿದ್ದ ತಿಪ್ಪೇಶಿ ನಡುವೆ ಬಂದ.

“ಮಾವ, ಅವ್ನಲ್ಲ. ನಾನೇ ಹಾಕಿದ್ದು.”

ಎತ್ತಿದ ಕೈ ಹಾಗೇ ಕೆಳಗಿಳಿಯಿತು. ದನಿಯೂ ಇಳಿಯಿತು. ಅವತ್ತಿನವರೆಗೆ ಅಪ್ಪನಿಗೆ ಅಂಥ ಮೆತ್ತನೆಯ ದನಿ ಇದೆ ಅಂತ ನನಗೆ ಗೊತ್ತಿರಲಿಲ್ಲ.

“ಯಾಕಪ್ಪಾ, ಹಂಗ್ಯಾಕೆ ಮಾಡ್ದೆ?”

ತಿಪ್ಪೇಶಿ ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಿಸಿದ. ಹಾಕಿದ್ದರೆ ತಾನೇ ಹೇಳಲು? ಅಷ್ಟರಲ್ಲಿ ಗಲಾಟೆ ಕೇಳಿ ಹಿತ್ತಲಿನಿಂದ ಅಜ್ಜಿ ಬಂದಳು. ಕೈಯಲ್ಲಿ ತೊಳೆದ ಗೊಟ್ಟ, ಇನ್ನೂ ನೀರು ಸೋರುತ್ತಿತ್ತು.

“ಹುಡುಗ್ರನ್ನ ಯಾಕೋ ಹೊಡೀತೀಯ? ನಾನೇ ಕಣೋ ಕುಡಿಸಿದ್ದು. ಚನ್ನಗಿರಿ ತಂಕ ಹೋಗಾಕೆ ಎಷ್ಟು ದೂರ ಐತೆ. ಇಬ್ರನ್ನ ಹೊತ್ಕಂಡು ಹೋಗ್ಬೇಕು ಪಾಪ. ಕಸುವು ಬರ್ಲಿ ಅಂತ ಒಂದು ಗೊಟ್ಟ ಬಿಟ್ಟೆ. ನಾನೇನು ಬ್ಯಾರೆ ಎಣ್ಣಿ ಹಾಕಿದ್ನಾ? ಗಾಣದ ಶೇಂಗಾ ಎಣ್ಣಿ!”

ಅಪ್ಪ ನಗಲು ಶುರು ಮಾಡಿದವನು ನಿಲ್ಲಿಸಲು ಆಗದೆ ಕಟ್ಟೆ ಮೇಲೆ ಕೂತುಬಿಟ್ಟ. ಅವ್ವ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಎದುರು ಮನೆಯವಳು ನಕ್ಕಳು. ಆಮೇಲೆ ಟ್ಯಾಂಕು ಬಸಿದು, ಕಾರ್ಬೋರೇಟರ್ ತೊಳೆದು, ಪ್ಲಗ್ಗನ್ನು ಕೆಂಡದಲ್ಲಿ ಕಾಯಿಸಿ ತಿಕ್ಕಿ, ಹೊಸ ಪೆಟ್ರೋಲು ಹಾಕುವಷ್ಟರಲ್ಲಿ ಬಿಸಿಲೇರಿತ್ತು. ಪಾನಾ ಹಿಡಿದದ್ದು ಯಾರು ಅಂತ ಹೇಳಬೇಕಾಗಿಲ್ಲ. ಗಾಡಿ ಹತ್ತಿಕೊಂಡ ಮೇಲೆ ಅಪ್ಪ ಓಣಿಗೆ ಕೇಳುವ ಹಾಗೆ ಹೇಳಿದ.

“ಮಾಡದ ತಪ್ಪನ್ನ ತನ್ ಮ್ಯಾಲೆ ಹಾಕ್ಕಂಡ ನೋಡ್ರಿ. ಎಂಥ ಮನ್ಸು! ಹತ್ತು ಅಳಿಯಾ. ಪರೀಕ್ಷೆ ಹೆಂಗೂ ಹೊತ್ತಾತು, ಮೇಷ್ಟ್ರಿಗೆ ನಾನು ಹೇಳ್ತೀನಿ.”

ತಿಪ್ಪೇಶಿ ನನ್ನನ್ನು ತೋರಿಸಿ ಏನೋ ಹೇಳಿದ. ಅಪ್ಪ ಕೇಳಿಸಿಕೊಳ್ಳಲಿಲ್ಲ. ಇಬ್ಬರೂ ಹೋದರು. ನಾನು ಒಗೆದ ಅಂಗಿಯಲ್ಲಿ ಬಾಗಿಲಲ್ಲೇ ನಿಂತಿದ್ದೆ. ಎಣ್ಣೆ ಹಾಕಿದ ಅಜ್ಜಿಗೆ ನಗು ಸಿಕ್ಕಿತು, ಸುಳ್ಳು ಹೇಳಿದವನಿಗೆ ಚನ್ನಗಿರಿ ಸಿಕ್ಕಿತು, ಏನೂ ಮಾಡದವನಿಗೆ ಏಟು ಸಿಕ್ಕಿತು. ಆ ಏಟಿನ ಸುದ್ದಿಯನ್ನು ಯಾರೂ ಎತ್ತಲಿಲ್ಲ. ಅವ್ವ ಮಾತ್ರ ಕೆನ್ನೆ ಸವರಿದಳು.

“ಬಿಡು ಮಗ. ಅಪ್ಪನ ಏಟು ಆಶೀರ್ವಾದ ಇದ್ದಂಗೆ.”

“ಹಂಗಾದ್ರೆ ಭಾವಂಗೂ ಒಂದು ಕೊಡ್ಲಿ,” ಅಂದೆ.

ಸಂಜೆ ತಿಪ್ಪೇಶಿ ಸಂತೆಯಿಂದ ಬೆಂಡು ಬತ್ತಾಸು ತಂದು ನನ್ನ ಪಕ್ಕ ಇಟ್ಟ. ನಾನು ಅದನ್ನು ಎತ್ತಿಗೆ ತಿನ್ನಿಸಿದೆ. ಎತ್ತು ಚೆನ್ನಾಗೇ ತಿಂತು. ಅವನು ನೋಡುತ್ತಾ ನಿಂತಿದ್ದ. ನನಗೆ ತಡೆಯಲಾಗಲಿಲ್ಲ.

“ನಡುವೆ ಬಾ ಅಂತ ನಿಂಗ್ಯಾರು ಹೇಳಿದ್ರು?”

“ನಂಗೆ ಹೊಡಿಯಾಕಿಲ್ಲ ಅಂತ ಗೊತ್ತಿತ್ತು ಕಣೋ ರುದ್ರ. ಅದ್ಕೇ ಹೇಳ್ದೆ.”

ಎಷ್ಟು ಸಲೀಸಾಗಿ ಹೇಳಿದ. ಹಸಿದವನ ಮುಂದೆ ಹೊಟ್ಟೆ ತುಂಬಿದವನು ತೇಗಿದ ಹಾಗೆ ಕೇಳಿಸಿತು ನನಗೆ. ಅವನು ಆ ಅರ್ಥದಲ್ಲಿ ಹೇಳಿರಲಿಲ್ಲ ಅಂತ ಈಗ ಅನ್ನಿಸುತ್ತದೆ, ಆದರೆ ಈಗ ಅನ್ನಿಸಿ ಏನು ಪ್ರಯೋಜನ.

ನಾನು ಶಾಲೆ ಬಿಟ್ಟೆ. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ತಿಪ್ಪೇಶಿ ಓದು ಮುಗಿಸಿ ಊರಿಗೆ ಹೋಗಿ, ಜಗಳೂರಿನಲ್ಲಿ ಗೊಬ್ಬರ, ಬೀಜದ ಅಂಗಡಿ ಇಟ್ಟ. ಅವನು ಹೋದ ದಿನ ಅಜ್ಜಿ ಅತ್ತಳು, ಗೌರಿ ಒಳಗೆ ಹೋಗಿ ಕೂತಳು, ನಾನು ಎರಡು ರೊಟ್ಟಿ ಹೆಚ್ಚಿಗೆ ತಿಂದೆ. ಅದೇ ಬೇಸಿಗೆ ಹೊನ್ನಾಳಿ ಸಂತೆಯಲ್ಲಿ ಒಂದು ಒರಟು ಎತ್ತು ಅಪ್ಪನ ಮೊಣಕಾಲಿಗೆ ಒದೆಯಿತು. ಅಲ್ಲಿಂದ ಅವನಿಗೆ ಕಿಕ್ ಹೊಡೆಯಲು ಆಗಲಿಲ್ಲ. ನಾನು ಓಡಿಸುವುದು, ಅವನು ಹಿಂದೆ ಕೂರುವುದು. ಎಡಕ್ಕೆ ತಿರುಗಬೇಕಾದರೆ ಎಡಗಡೆ ಪಕ್ಕೆಗೆ ತಿವಿಯುತ್ತಿದ್ದ, ಬಲಕ್ಕೆ ಬಲಗಡೆ. ನಿಲ್ಲಿಸಬೇಕಾದರೆ ಹೋ ಹೋ ಅನ್ನುತ್ತಿದ್ದ. ನನಗೆ ಬೇಸರವಿರಲಿಲ್ಲ. ಗಾಡಿ ಇನ್ನು ನನ್ನದೇ ಅಂದುಕೊಂಡಿದ್ದೆ. ಆದರೆ ಸೋಮವಾರ ಬಂದರೆ ಮತ್ತೆ ಹಳೇ ಕತೆ. ನೆಟ್ಟಗಾಗದ ಕಾಲನ್ನು ಒಂದು ಕಡೆ ಚಾಚಿ, ಗೋಣಿಚೀಲದ ಮೇಲೆ ತಾನೇ ಕೂರುತ್ತಿದ್ದ. ಕೈ ನಡುಗುತ್ತಿತ್ತು. ಪ್ಲಗ್ಗು ಎರಡು ಸಲ ಓರೆ ಹಿಡಿಯುತ್ತಿತ್ತು.

“ಕೊಡಪ್ಪ, ನಾನು ಹಾಕ್ತೀನಿ.”

“ಓಡ್ಸೋದು ಬ್ಯಾರೆ, ಬಿಚ್ಚೋದು ಬ್ಯಾರೆ. ನೀರು ತಾ ಹೋಗಲೇ.”

ಕೆಲವು ವರ್ಷಗಳಾದ ಮೇಲೆ ಗೌರಿಗೂ ತಿಪ್ಪೇಶಿಗೂ ಮದುವೆ ಆಯಿತು. ನಮ್ಮ ಮನೆಯ ಮುಂದೆ ಚಪ್ಪರ, ನೆಂಟರು, ಊಟ, ಎಲ್ಲ ಆಗುವ ಹಾಗೇ ಆಯಿತು. ಗೌರಿಗೆ ಖುಷಿ ಇತ್ತು. ಅದನ್ನು ನೋಡಿ ನನಗೂ ಖುಷಿಯೇ, ಸುಳ್ಳೇಕೆ ಹೇಳಲಿ. ಮದುವೆಯ ಮಾರನೇ ದಿನ ಎಲ್ಲರೂ ಪಡಸಾಲೆಯಲ್ಲಿ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದಾಗ ಅಪ್ಪ ಗಂಟಲು ಸರಿ ಮಾಡಿಕೊಂಡ.

“ಗಾಡಿ ಅಳಿಯಂಗೆ ಕೊಡ್ತೀನಿ.”

ಅತ್ತೆಗೆ ಎಲೆ ಗಂಟಲಲ್ಲಿ ಸಿಕ್ಕಿತು. “ಅಣ್ಣಾ, ನಾವೇನೂ ಕೇಳಿಲ್ಲ.”

“ನೀನು ಕೇಳ್ದೆ ಅಂತ ಕೊಡ್ತಿಲ್ಲ ಕಣಮ್ಮ.”

“ಬ್ಯಾಡ ಮಾವ,” ಅಂದ ತಿಪ್ಪೇಶಿ. “ರುದ್ರ ಓಡಿಸ್ತಾನಲ್ಲ, ಇಲ್ಲೇ ಇರ್ಲಿ. ನಿಮ್ಗೂ ಸಂತಿಗೆ ಹೋಗಾಕೆ ಬೇಕು.”

“ನಮ್ಗೆ ಬಸ್ಸೈತೆ. ಅವ್ನು ಓಡಿಸ್ಕಂಡು ಎಲ್ಲಿಗೆ ಹೋಗ್ಬೇಕು?”

ಯಾರೂ ನನ್ನ ಕಡೆ ನೋಡಲಿಲ್ಲ. ನಾನು ಕೆಳಗೆ ಕೊಟ್ಟಿಗೆಯಲ್ಲಿ ಮೇವು ಹಾಕುತ್ತಿದ್ದೆ. ಮೇವಿನ ಕಟ್ಟು ಬಿಚ್ಚದೆ ಹಾಗೇ ಗೋದಲಿಗೆ ಎಸೆದೆ. ಒಳಗೆ ಏನೇನೋ ಮಾತು ಕುದಿಯಿತು. ಅಪ್ಪನ ಮೊಣಕಾಲು ಮುರಿದಾಗ ಹೊತ್ತು ತಿರುಗಿದವನು ನಾನು. ಮಳೆಯಲ್ಲಿ ಹೊನ್ನಾಳಿ ಸೇತುವೆ ದಾಟಿಸಿದವನು ನಾನು. ಇದನ್ನೆಲ್ಲ ಹೇಳಬೇಕಿತ್ತು. ಮದುವೆ ಮನೆ, ತಂಗಿ ಕೈಯ ಅರಿಶಿನ ಇನ್ನೂ ಹೋಗಿಲ್ಲ, ಬಾಯಿ ಮುಚ್ಚಿಕೊಂಡೆ.

ಬುಧವಾರ ಹೊರಡುವುದು ಅಂತಾಯಿತು. ಅದರ ಹಿಂದಿನ ಸೋಮವಾರ ಅಪ್ಪ ಎಂದಿನ ಹಾಗೆ ಗೋಣಿಚೀಲ ಹಾಸಿದ. ಕೂರಲಿಲ್ಲ. ಪಾನಾಗಳ ಚೀಲ ನನ್ನ ಎದೆಗೆ ಒತ್ತಿದ.

“ತಗ. ಇವತ್ತು ನೀನು ಮಾಡು. ನಂಗೆ ಕೈ ನಿಲ್ಲಾಕಿಲ್ಲ. ಅಳಿಯನ ಮನಿಗೆ ಹೋಗೋ ಗಾಡಿ, ಹಾದಿಯಾಗೆ ಒಂದು ಮಾತು ಬರ್ಬಾರ್ದು.”

ನಾನು ಹುಡುಗನಾಗಿದ್ದಾಗಿನಿಂದ ಕಾದದ್ದು ಕೈಗೆ ಬಂತು, ಅದು ಮನೆ ಬಿಟ್ಟು ಹೋಗುವ ವಾರದಲ್ಲಿ. ಎಸೆದು ಹೋಗಬೇಕು ಅನ್ನಿಸಿತು. ಕೂತೆ. ಪ್ಲಗ್ಗು ಬಿಚ್ಚಿದೆ. ಯಾರೂ ಹೇಳಿಕೊಡದಿದ್ದರೂ ಕೈಗೆ ಎಲ್ಲ ಗೊತ್ತಿತ್ತು. ಅಷ್ಟು ವರ್ಷ ಬಕೆಟ್ಟು ಹಿಡಿದು ನಿಂತ ಕಣ್ಣು ಸುಮ್ಮನೆ ಇರಲಿಲ್ಲ. ಪ್ಲಗ್ಗು ತಿಕ್ಕಿ, ಸಂದಿ ನೋಡಿದೆ. ಕಿಡಿ ಹುಟ್ಟಿಸುವ ಪಾಯಿಂಟಿನ ನಡುವೆ ದಪ್ಪ ಕಾಗದ ಎಳೆದು ಕರಿ ತೆಗೆದೆ. ಚೈನು ನೆನೆಹಾಕಿದೆ. ಬ್ರೇಕಿನ ಒಳಗೆ ಕೂತ ಧೂಳನ್ನು ಊದದೆ ಬಟ್ಟೆಯಲ್ಲಿ ಒರೆಸಿದೆ. ಗಾಳಿ ಜಾಲರಿ ಪೆಟ್ರೋಲಿನಲ್ಲಿ ತೊಳೆದೆ, ಇಳಿದ ಪೆಟ್ರೋಲು ಚಹದ ಬಣ್ಣ ಹೋಗಿ ತಿಳಿಯಾಗುವವರೆಗೆ ತೊಳೆದೆ. ಬ್ಯಾಟರಿಗೆ ನೀರು ಬಿಟ್ಟೆ. ಅಪ್ಪ ಕಟ್ಟೆಯ ಮೇಲೆ ಕಾಲು ಚಾಚಿ ಕೂತು ನೋಡುತ್ತಿದ್ದ. ಒಂದು ಮಾತಾಡಲಿಲ್ಲ. ತಪ್ಪಿದ್ದರೆ ಬಿಡುವವನಲ್ಲ, ಅಂದರೆ ತಪ್ಪಿರಲಿಲ್ಲ. ಸರಿ ಇದೆ ಅಂತಲಾದರೂ ಅನ್ನಬಹುದಿತ್ತು. ಅನ್ನಲಿಲ್ಲ. ಅವ್ವ ಚಹಕ್ಕೆ ಕರೆದಳು, ಎದ್ದು ಒಳಗೆ ಹೋದ.

ಹಿಂದಿನ ಗಾಲಿಯ ನಟ್ಟು ಆಗ ನನ್ನ ಕೈಯಲ್ಲಿತ್ತು. ಬೆರಳಿನಿಂದ ತಿರುಗಿಸಿ ಹಾಕಿದ್ದೆ, ಇನ್ನೂ ಪಾನಾ ಹಾಕಿ ಬಿಗಿದಿರಲಿಲ್ಲ. ಹಾಗೇ ಬಿಟ್ಟರೆ ಮನೆ ಬಿಡುವಾಗ ಯಾರಿಗೂ ಗೊತ್ತಾಗುವುದಿಲ್ಲ. ಊರು ದಾಟಿದ ಮೇಲೆ ಗಾಲಿ ಒಲೆಯುತ್ತದೆ, ಚೈನು ಕಳಚುತ್ತದೆ. ಹೊಸ ಅಳಿಯ ಹೊಸ ಪಂಚೆಯಲ್ಲಿ ರಸ್ತೆ ಬದಿ ಕೂರಬೇಕು. ಆಗ ಯಾರನ್ನು ಕರೆಸುತ್ತಾರೆ? ಆ ಯೋಚನೆ ಸಿಹಿಯಾಗಿತ್ತು. ಅದರಲ್ಲೇ ಕೂತಿದ್ದೆ. ಗೌರಿ ಪಡಸಾಲೆಯ ಅಂಚಿಗೆ ಬಂದಳು. ಕೈತುಂಬ ಹಸಿರು ಬಳೆ.

“ಅಣ್ಣಾ, ಹಿಂದೆ ಕೂತ್ರೆ ಕಾಲು ಎಲ್ಲಿ ಇಡ್ಬೇಕು? ಸೀರಿ ಗಾಲಿಗೆ ಸಿಗಾಕಿಲ್ಲ ತಾನೇ?”

“ಕೆಳಗೆ ಬಾ,” ಅಂದೆ. “ಇಲ್ಲಿ ಕೂತ್ಕ. ಕಾಲು ಇದ್ರ ಮ್ಯಾಲೆ. ಸೆರಗು ಸೊಂಟಕ್ಕೆ ಸಿಗಿಸ್ಕ. ಅವ್ನ ಭುಜ ಹಿಡ್ಕ, ನಾಚ್ಕೆ ಗೀಚ್ಕೆ ಆಮ್ಯಾಲೆ.”

ಅವಳು ನಕ್ಕಳು. ನಾನು ಪಾನಾ ಹಾಕಿ ನಟ್ಟು ಬಿಗಿದೆ, ನನ್ನ ಮೈಯ ಭಾರವನ್ನೆಲ್ಲ ಹಾಕಿ ಬಿಗಿದೆ. ಅಷ್ಟಕ್ಕೇ ಬಿಡಲಿಲ್ಲ. ಪೇಟೆಗೆ ಹೋಗಿ ಸೈಕಲ್ ಅಂಗಡಿಯಿಂದ ಕಬ್ಬಿಣದ ಜಾಲರಿ ತಂದು, ಸೀರೆ ಸಿಗದ ಹಾಗೆ ಗಾಲಿಯ ಪಕ್ಕ ಕಟ್ಟಿದೆ.

ಬುಧವಾರ ಬೆಳಗ್ಗೆ ಅತ್ತೆ ಮತ್ತು ನೆಂಟರು ಮೊದಲ ಬಸ್ಸಿಗೆ ಹೋದರು. ಅಜ್ಜಿ ಗಾಡಿಯ ಮುಂದೆ ನಿಂಬೆಹಣ್ಣು ಇಟ್ಟಳು. ಗೌರಿ ಅವ್ವನನ್ನು ತಬ್ಬಿ ಅತ್ತು, ಹಿಂದೆ ಕೂತಳು. ತಿಪ್ಪೇಶಿ ನನ್ನ ಕೈ ಹಿಡಿದ. ಏನೋ ಹೇಳಲು ನೋಡಿದ. ನಾನು, ಹೊತ್ತಾತು ಹೊರಡು ಭಾವ, ಅಂದೆ. ಅವನು ಕಿಕ್ ಹೊಡೆದ. ಕಾಲು ಪೂರ್ತಿ ಕೆಳಗಿಳಿಯುವ ಮೊದಲೇ ಗಾಡಿ ಹತ್ತಿಕೊಂಡಿತು. ಹೊಗೆ ಇಲ್ಲ, ಕೆಮ್ಮು ಇಲ್ಲ.

“ನೋಡ್ದಾ?” ಅಪ್ಪನ ಮುಖ ಅರಳಿತು. “ಅಳಿಯ ಮುಟ್ಟಿದ್ದೇ ತಡ!”

“ಅಪ್ಪಾ,” ಗೌರಿ ಸದ್ದಿನ ಮೇಲೆ ಕೂಗಿದಳು, “ಅಣ್ಣ ಮೊನ್ನಿ ಇಡೀ ದಿನ ಕೂತು ಮಾಡ್ಯಾನೆ.”

“ಮಾಡ್ದೆ ಏನು? ಮನೀ ಮಗ ಮಾಡ್ದೆ ಇನ್ಯಾರು ಮಾಡ್ತಾರೆ?”

ಅದನ್ನು ಅವನು ನನ್ನ ಕಡೆ ನೋಡದೇ ಹೇಳಿದ. ಒಳ್ಳೆಯ ಮಾತು ಅಂತ ಆಮೇಲೆ ಎಷ್ಟೋ ಜನ ನನಗೆ ಹೇಳಿದ್ದಾರೆ. ಅಳಿಯನಿಗೆ ಮರ್ಯಾದೆ, ಮಗನಿಗೆ ಮನೆ, ಅಂತ ಬಿಡಿಸಿ ಹೇಳಿದ್ದಾರೆ. ಇರಬಹುದು. ನನಗೆ ಮರ್ಯಾದೆಯೂ ಬೇಕಿತ್ತು.

ಗಾಡಿ ಓಣಿ ದಾಟಿ ಹೊನ್ನಾಳಿ ರಸ್ತೆಗೆ ತಿರುಗಿತು. ಕಣ್ಣಿಗೆ ಮರೆಯಾದ ಮೇಲೂ ಸದ್ದು ಬರುತ್ತಿತ್ತು. ನಾನು ಉಸಿರು ಹಿಡಿದು ಒಂದು ತಪ್ಪು ಹುಡುಕಿದೆ. ಚೈನು ಎಲ್ಲೂ ಬಡಿಯಲಿಲ್ಲ. ಏರಿನಲ್ಲಿ ಮುಗ್ಗರಿಸಲಿಲ್ಲ. ಗೇರು ಬದಲಿಸಿದ ಕಡೆ ಒಂದಿಷ್ಟೂ ಎಳೆತ ಇರಲಿಲ್ಲ. ಅಪ್ಪ ಕೋಲು ಊರಿಕೊಂಡು ನನ್ನ ಪಕ್ಕದಲ್ಲೇ ನಿಂತಿದ್ದ, ಕಿವಿಗೆ ಕೈ ಅಡ್ಡ ಇಟ್ಟುಕೊಂಡು.

“ಹೆಂಗೆ ಓಡಿಸ್ತಾನೆ ಕೇಳಲೇ,” ಅಂದ.

ಸದ್ದು ಪೂರ್ತಿ ಕರಗುವವರೆಗೂ ಇಬ್ಬರೂ ಒಳಗೆ ಹೋಗಲಿಲ್ಲ. ಅವನು ಅಳಿಯನನ್ನು ಕೇಳಿಸಿಕೊಳ್ಳುತ್ತಿದ್ದ. ನಾನು ನನ್ನ ಕೈಯನ್ನು ಕೇಳಿಸಿಕೊಳ್ಳುತ್ತಿದ್ದೆ.